ಗುಂಡಿ ಇರುವ ಕಫ್‌ಗೆ ಮ್ಯಾಗ್ನೆಟ್ ಕಫ್‌ಲಿಂಕ್: ಎಲ್ಲಿ ಹಿಡಿಯುತ್ತದೆ, ಎಲ್ಲಿ ಜಾರುತ್ತದೆ

ಯಾರೋ ಚೆಂದದ ಒಂದು ಜೊತೆ ಕಫ್‌ಲಿಂಕ್, ಅಂದರೆ ಷರ್ಟಿನ ತೋಳಿನ ತುದಿಯ ಪಟ್ಟಿಗೆ (ಕಫ್‌ಗೆ) ಗುಂಡಿಯ ಬದಲು ಹಾಕುವ ಒಡವೆ, ಉಡುಗೊರೆ ಕೊಟ್ಟಿರುತ್ತಾರೆ. ಹಾಕಿಕೊಳ್ಳೋಣ ಅಂತ ಬೀರು ತೆಗೆದರೆ ಅಲ್ಲಿರುವ ಅಷ್ಟೂ ಷರ್ಟುಗಳ ಕಫ್‌ನಲ್ಲಿ ಗುಂಡಿಗಳೇ. ಒಂದು ಕಡೆ ಕಾಜ, ಇನ್ನೊಂದು ಕಡೆ ಗುಂಡಿ. ಕಫ್‌ಲಿಂಕಿನ ಕಡ್ಡಿಯನ್ನು ಕಾಜದೊಳಗೆ ತೂರಿಸಿದರೆ ಅದು ಸೀದಾ ಹೋಗಿ ಕೆಳಗಿನ ಬಟ್ಟೆಗೆ ಮುಟ್ಟಿ ನಿಲ್ಲುತ್ತದೆ. ಮುಂದಕ್ಕೆ ದಾರಿ ಇಲ್ಲ. ನಾನೂ ಹೀಗೇ ಒಂದು ಸಲ ಕನ್ನಡಿ ಮುಂದೆ ಹತ್ತು ನಿಮಿಷ ಒದ್ದಾಡಿ, ಬೈದುಕೊಂಡು ಡಬ್ಬಿ ಮುಚ್ಚಿಟ್ಟಿದ್ದೆ. ಆಮೇಲೆ ಮ್ಯಾಗ್ನೆಟ್ ಕಫ್‌ಲಿಂಕ್ ಅಂತ ಒಂದು ಇದೆ ಅಂತ ಗೊತ್ತಾಯಿತು. ಕೊಂಡೆ. ಹಾಕಿದ ಮೊದಲ ದಿನವೇ ಒಂದನ್ನು ಕಳೆದುಕೊಂಡೆ. ಮೂರು ದಿನದ ಮೇಲೆ ಅದು ನಾನು ಕೂರುವ ಕುರ್ಚಿಯ ಕಬ್ಬಿಣದ ಕಾಲಿಗೆ ಅಂಟಿಕೊಂಡು ಸಿಕ್ಕಿತು.

ಅದು ಯಾಕೆ ಬಿತ್ತು ಅಂತ ಹುಡುಕುತ್ತಾ ಹೋದಾಗಲೇ ಈ ಪುಟ್ಟ ವಸ್ತುವಿನ ಹಿಂದೆ ಎಷ್ಟೆಲ್ಲ ಇದೆ ಅಂತ ತಿಳಿದದ್ದು. ಮ್ಯಾಗ್ನೆಟ್ ದುರ್ಬಲ ಆಗಿತ್ತಾ? ಇಲ್ಲ, ಸಾಕಷ್ಟು ಗಟ್ಟಿಯಾಗಿಯೇ ಇತ್ತು. ನಾನು ಅದಕ್ಕೆ ಒಪ್ಪಿಸಿದ ಕೆಲಸವೇ ತಪ್ಪಾಗಿತ್ತು.

ಮೊದಲು ಕಫ್ ನೋಡೋಣ. ಮಾಮೂಲಿ ಷರ್ಟಿನದ್ದು ಬ್ಯಾರೆಲ್ ಕಫ್. ಪೀಪಾಯಿಯ ಹಾಗೆ ಮಣಿಕಟ್ಟಿನ ಸುತ್ತ ದುಂಡಗೆ ಕೂರುತ್ತದೆ. ಒಂದು ಅಂಚು ಇನ್ನೊಂದರ ಮೇಲೆ ಹತ್ತಿ ಮಲಗುತ್ತದೆ, ಮೇಲಿನ ಅಂಚಿನ ಕಾಜಕ್ಕೆ ಕೆಳಗಿನ ಅಂಚಿನ ಗುಂಡಿ ಸಿಕ್ಕಿಸುತ್ತೇವೆ. ಫ್ರೆಂಚ್ ಕಫ್ ಬೇರೆ ಜಾತಿ. ಅದು ಎರಡರಷ್ಟು ಉದ್ದ ಇರುತ್ತದೆ, ಹಿಂದಕ್ಕೆ ಮಡಚಬೇಕು. ಅದರ ಅಂಚುಗಳು ಒಂದರ ಮೇಲೊಂದು ಹತ್ತುವುದಿಲ್ಲ, ಎರಡು ಅಂಗೈ ಜೋಡಿಸಿದ ಹಾಗೆ ಒಳಮೈಗೆ ಒಳಮೈ ತಾಗಿಸಿಕೊಂಡು ನಿಲ್ಲುತ್ತವೆ. ಆಗ ನಾಲ್ಕು ಕಾಜ ಒಂದೇ ಸಾಲಿಗೆ ಬರುತ್ತವೆ, ಕಫ್‌ಲಿಂಕಿನ ಕಡ್ಡಿ ಆ ನಾಲ್ಕನ್ನೂ ದಾಟಿ ಆಚೆ ಬದಿಯಲ್ಲಿ ಅಡ್ಡ ತಿರುಗಿ ಕೂರುತ್ತದೆ. ಅಂದರೆ ಕಫ್‌ಲಿಂಕ್‌ಗೆ ಬೇಕಾದದ್ದು ಎರಡೂ ಕಡೆ ತೂತು. ಬ್ಯಾರೆಲ್ ಕಫ್‌ನಲ್ಲಿ ತೂತು ಇರುವುದು ಒಂದೇ ಕಡೆ. ತೊಂದರೆ ಇಷ್ಟೇ.

ಇವೆರಡರ ನಡುವೆ ಇನ್ನೊಂದು ಇದೆ, ಬಹಳ ಜನರಿಗೆ ಗೊತ್ತಿರುವುದಿಲ್ಲ. ಕನ್ವರ್ಟಿಬಲ್ ಕಫ್. ನೋಡಲು ಮಾಮೂಲಿ ಗುಂಡಿ ಕಫ್ ಥರವೇ ಇರುತ್ತದೆ, ಆದರೆ ಗುಂಡಿಯ ಪಕ್ಕದಲ್ಲೇ ಒಂದು ಸಣ್ಣ ಕಾಜ ಹೊಲಿದಿರುತ್ತಾರೆ. ಬೇಕಾದಾಗ ಗುಂಡಿ ಹಾಕಿ, ಬೇಡವಾದಾಗ ಕಫ್‌ಲಿಂಕ್ ಹಾಕಿ. ಆದ್ದರಿಂದ ಏನನ್ನಾದರೂ ಕೊಳ್ಳುವ ಮೊದಲು ನಿಮ್ಮ ಷರ್ಟಿನ ಕಫ್ ಬಿಚ್ಚಿ ಗುಂಡಿಯ ಬುಡದ ಹತ್ತಿರ ಒಮ್ಮೆ ಕಣ್ಣಾಡಿಸಿ. ಅಲ್ಲಿ ಕಾಜ ಇದ್ದರೆ ಈ ಲೇಖನದ ಅರ್ಧ ಭಾಗ ನಿಮಗೆ ಬೇಕಾಗಿಯೇ ಇಲ್ಲ, ಮಾಮೂಲಿ ಕಫ್‌ಲಿಂಕೇ ಸಾಕು.

ಇಲ್ಲದಿದ್ದರೆ ಏನು ಮಾಡಬಹುದು? ಟೈಲರ್ ಹತ್ತಿರ ಕೊಟ್ಟು ಗುಂಡಿ ಕಿತ್ತು ಆ ಜಾಗದಲ್ಲಿ ಕಾಜ ಹಾಕಿಸಬಹುದು. ಚೆನ್ನಾಗಿಯೇ ಬರುತ್ತದೆ, ಆದರೆ ಆಮೇಲೆ ಆ ಷರ್ಟಿಗೆ ಕಫ್‌ಲಿಂಕ್ ಬಿಟ್ಟರೆ ಬೇರೆ ಗತಿಯಿಲ್ಲ. ಗುಂಡಿಯ ಮೇಲೆ ಮುಚ್ಚಳದ ಹಾಗೆ ಕೂರುವ ಕವರ್‌ಗಳೂ ಇವೆ, ಹಿಂಬದಿಗೆ ಪುಟ್ಟ ಕೀಲು, ಗುಂಡಿಯ ಸುತ್ತ ಚಿಮಟದ ಹಾಗೆ ಮುಚ್ಚಿಕೊಳ್ಳುತ್ತದೆ. ಇವು ಹಳೆಯವು, ಮ್ಯಾಗ್ನೆಟ್ ಇಲ್ಲದವು. ಮೂರನೆಯದು ಮ್ಯಾಗ್ನೆಟ್.

ಸುಲಭವಾಗಿ ಹಾಕಿ ತೆಗೆಯುವ ಕಫ್‌ಲಿಂಕ್ ಬೇಕು ಅನ್ನುವ ಆಸೆ ಇವತ್ತಿನದಲ್ಲ. 1920ರ ದಶಕದಲ್ಲೇ ಅಮೆರಿಕದಲ್ಲಿ ಕಮ್-ಅ-ಪಾರ್ಟ್ ಅನ್ನುವ ಹೆಸರಿನಲ್ಲಿ ಟಿಚ್ ಬಟನ್ ಥರ ಟಕ್ಕಂತ ಕೂಡಿ, ಟಕ್ಕಂತ ಬಿಡುವ ಕಫ್ ಗುಂಡಿಗಳು ಬಂದಿದ್ದವು. ಮ್ಯಾಗ್ನೆಟ್‌ಗೆ ಮಾತ್ರ ಇನ್ನೂ ಕಾಯಬೇಕಿತ್ತು. ಆಗ ಸಿಗುತ್ತಿದ್ದ ಮ್ಯಾಗ್ನೆಟ್‌ಗಳನ್ನು ಕಫ್‌ಲಿಂಕಿನಷ್ಟು ಚಿಕ್ಕದಾಗಿ ಮಾಡಿದರೆ ಎರಡು ಪದರ ಬಟ್ಟೆ ದಾಟಿ ಹಿಡಿಯುವ ಶಕ್ತಿ ಉಳಿಯುತ್ತಿರಲಿಲ್ಲ. 1980ರ ದಶಕದ ಮೊದಲಲ್ಲಿ ನಿಯೋಡೈಮಿಯಮ್, ಕಬ್ಬಿಣ, ಬೋರಾನ್ ಸೇರಿಸಿದ ಹೊಸ ಮ್ಯಾಗ್ನೆಟ್ ಬಂತು. ಜಪಾನಿನಲ್ಲಿ ಮಸಾಟೊ ಸಗಾವ, ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿ ಜಾನ್ ಕ್ರೋಟ್, ಇಬ್ಬರೂ ಬೇರೆಬೇರೆ ದಾರಿಯಲ್ಲಿ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಅದನ್ನು ಮುಟ್ಟಿದರು. ಅವರಿಗೆ ಬೇಕಿದ್ದದ್ದು ಮೋಟರು, ಯಂತ್ರಗಳಿಗೆ. ಅದೇ ವಸ್ತು ಇವತ್ತು ನಿಮ್ಮ ಇಯರ್‌ಫೋನ್‌ನಲ್ಲಿದೆ, ಹಾರ್ಡ್ ಡಿಸ್ಕಿನಲ್ಲಿದೆ, ಷರ್ಟಿನ ಕಫ್‌ನಲ್ಲೂ ಬಂದು ಕೂತಿದೆ. ಪೆಟ್ಟಿಗೆಯ ಮೇಲೆ ಎನ್35, ಎನ್42, ಎನ್52 ಅಂತೆಲ್ಲ ಬರೆದಿದ್ದರೆ ಅದು ಮ್ಯಾಗ್ನೆಟ್ಟಿನ ದರ್ಜೆ. ಸಂಖ್ಯೆ ದೊಡ್ಡದಾದಷ್ಟು ಅದೇ ಗಾತ್ರದಲ್ಲಿ ಶಕ್ತಿ ಜಾಸ್ತಿ.

ಆದರೆ ಶಕ್ತಿ ಜಾಸ್ತಿ ಅಂದ ಮಾತ್ರಕ್ಕೆ ಬೀಳುವುದಿಲ್ಲ ಅಂತಲ್ಲ. ಇದಕ್ಕೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ.

ಮೇಜಿನ ಮೇಲೆ ಎರಡು ಪುಟ್ಟ ಮ್ಯಾಗ್ನೆಟ್ ಬಿಲ್ಲೆ ಇಟ್ಟುಕೊಳ್ಳಿ, ಜೊತೆಗೆ ಪ್ರಿಂಟರಿಗೆ ಹಾಕುವ ಕಾಗದದ ಒಂದಿಷ್ಟು ಹಾಳೆ. ಒಂದು ಹಾಳೆ ಹೆಚ್ಚುಕಡಿಮೆ 0.1 ಮಿಲಿಮೀಟರ್ ದಪ್ಪ. ಎರಡು ಬಿಲ್ಲೆಗಳ ನಡುವೆ ಒಂದು ಹಾಳೆ ಇಟ್ಟು ಎಳೆದು ಬಿಡಿಸಿ. ಉಗುರು ನೋಯುತ್ತದೆ. ಐದು ಹಾಳೆ ಇಡಿ, ಹತ್ತು ಇಡಿ, ಇಪ್ಪತ್ತು ಇಡಿ. ಪ್ರತಿ ಸಲವೂ ಬಿಡಿಸುವುದು ಸುಲಭವಾಗುತ್ತಾ ಹೋಗುವುದು ಬೆರಳಿಗೇ ತಿಳಿಯುತ್ತದೆ, ಲೆಕ್ಕ ಬೇಕಿಲ್ಲ. ಈಗ ಕಫ್ ಕಡೆ ಬನ್ನಿ. ಕಫ್‌ನ ಒಂದು ಅಂಚು ಅಂದರೆ ಎರಡು ಪದರ ಬಟ್ಟೆ, ನಡುವೆ ಬಕ್ರಂ ಅನ್ನುವ ಬಿರುಸು ಬಟ್ಟೆ. ಎಲ್ಲ ಸೇರಿ ಮುಕ್ಕಾಲರಿಂದ ಒಂದು ಮಿಲಿಮೀಟರ್. ಬ್ಯಾರೆಲ್ ಕಫ್ ಮುಚ್ಚಿದಾಗ ಅಂಥ ಎರಡು ಅಂಚು ಒಂದರ ಮೇಲೊಂದು. ಅಂದರೆ ನಿಮ್ಮ ಮ್ಯಾಗ್ನೆಟ್ ಹದಿನೈದು ಇಪ್ಪತ್ತು ಹಾಳೆ ಆಚೆಗಿನ ಜೋಡಿಯನ್ನು ಹಿಡಿದುಕೊಂಡು ದಿನವಿಡೀ ನಿಲ್ಲಬೇಕು. ಡಬ್ಬಿಯಲ್ಲಿದ್ದಾಗ ಟಕ್ಕಂತ ಅಂಟುತ್ತಿದ್ದ ಅದೇ ಜೋಡಿ ಕಫ್ ಮೇಲೆ ಯಾಕೆ ಸಪ್ಪೆಯಾಗುತ್ತದೆ ಅನ್ನುವುದಕ್ಕೆ ಇದೇ ಉತ್ತರ.

ಇಲ್ಲಿ ಒಂದು ಸೂಕ್ಷ್ಮ ಇದೆ. ಕೆಲವು ಕಫ್‌ಲಿಂಕ್‌ಗಳಲ್ಲಿ ಎರಡೂ ಭಾಗ ಮ್ಯಾಗ್ನೆಟ್, ಕೆಲವದರಲ್ಲಿ ಒಂದು ಮ್ಯಾಗ್ನೆಟ್, ಇನ್ನೊಂದು ಬರೀ ಕಬ್ಬಿಣದ ಬಿಲ್ಲೆ. ನೇರವಾಗಿ ಅಂಟಿಸಿ ನೋಡಿದರೆ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ನಡುವೆ ಬಟ್ಟೆ ಬಂದಾಗ ಗೊತ್ತಾಗುತ್ತದೆ. ಮ್ಯಾಗ್ನೆಟ್‌ಗೆ ಮ್ಯಾಗ್ನೆಟ್ 1 ಮಿಲಿಮೀಟರ್ ಅಂತರದಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟು ಹಿಡಿತ ಕಬ್ಬಿಣದ ಜೊತೆ ಬರಬೇಕಾದರೆ ಅಂತರ ಅದರ ಅರ್ಧಕ್ಕೆ ಇಳಿಯಬೇಕು. ಅದೂ ಕಬ್ಬಿಣ ಸಾಕಷ್ಟು ದಪ್ಪ ಇದ್ದರೆ ಮಾತ್ರ. ತಗಡಿನಷ್ಟು ತೆಳು ಆದರೆ ಇನ್ನೂ ಕಮ್ಮಿ. ಆದ್ದರಿಂದ ಬಟ್ಟೆ ದಾಟಿ ಹಿಡಿಯಬೇಕಾದ ಕಡೆ ಎರಡೂ ಭಾಗ ಮ್ಯಾಗ್ನೆಟ್ ಆಗಿರುವುದನ್ನೇ ತಗೊಳ್ಳಿ.

ಈಗ ಪರೀಕ್ಷೆಯ ಎರಡನೇ ಭಾಗ, ನನ್ನ ಕಫ್‌ಲಿಂಕ್ ಬಿದ್ದದ್ದು ಇದರಿಂದಲೇ. ಅದೇ ಬಿಲ್ಲೆಯನ್ನು ಒಂದು ಕಬ್ಬಿಣದ ಬೀರುವಿಗೆ ಅಂಟಿಸಿ. ನೇರವಾಗಿ ನಿಮ್ಮ ಕಡೆ ಎಳೆಯಿರಿ, ಕಷ್ಟ. ಈಗ ಪಕ್ಕಕ್ಕೆ ತಳ್ಳಿ. ಸುಮ್ನೆ ಜಾರಿಬಿಡುತ್ತದೆ ಅಲ್ವಾ? ಮ್ಯಾಗ್ನೆಟ್ ಎಳೆಯುವುದು ಒಳಗಡೆಗೆ ಮಾತ್ರ. ಪಕ್ಕಕ್ಕೆ ಜಾರುವುದನ್ನು ತಡೆಯಲು ಅದರ ಹತ್ತಿರ ಇರುವುದು ಬರೀ ಉಜ್ಜಾಟ, ಘರ್ಷಣೆ. ನುಣುಪಾದ ಲೋಹದ ಮೇಲೆ ಅದು ನೇರ ಎಳೆತದ ಬಲದ ಐದನೇ ಒಂದು ಭಾಗದಷ್ಟೇ ಇರಬಹುದು. ಬಟ್ಟೆ ಮೇಲೆ ಸ್ವಲ್ಪ ವಾಸಿ. ಇನ್ನು ನಮ್ಮ ಕೈ ದಿನವಿಡೀ ಏನು ಮಾಡುತ್ತದೆ ಯೋಚಿಸಿ. ಕಫ್‌ಲಿಂಕನ್ನು ಯಾರೂ ನೇರವಾಗಿ ಹಿಡಿದು ಎಳೆಯುವುದಿಲ್ಲ. ಮೇಜಿನ ಅಂಚಿಗೆ ಉಜ್ಜುತ್ತದೆ, ಕೋಟಿನ ತೋಳಿನೊಳಗೆ ತೂರುವಾಗ ಅಸ್ತರಿಗೆ ಸಿಕ್ಕುತ್ತದೆ, ಚೀಲದ ಪಟ್ಟಿಗೆ ತಾಗುತ್ತದೆ. ಎಲ್ಲವೂ ಪಕ್ಕದಿಂದ ಬರುವ ಹೊಡೆತಗಳೇ. ಮುಂದಿನ ಬಿಲ್ಲೆ ಕೂದಲೆಳೆಯಷ್ಟು ಜಾರುತ್ತದೆ, ಹಿಂದಿನದು ಅದನ್ನು ಹಿಂಬಾಲಿಸುತ್ತದೆ, ಮತ್ತೆ ಮುಂದಿನದು, ಹೀಗೆ ಎರಡೂ ಜೋಡಿಯಾಗಿ ಕಫ್‌ನ ಅಂಚಿನ ಕಡೆ ನಡೆದು ನಡೆದು ಕೊನೆಗೆ ಟಪ್ ಅಂತ ಕೆಳಗೆ. ಬೀಳುವಾಗ ಎರಡೂ ಒಂದಕ್ಕೊಂದು ಅಂಟಿಕೊಂಡೇ ಬೀಳುವುದರಿಂದ ಸದ್ದೂ ಒಂದೇ ಸಲ.

ಇದಿಷ್ಟು ಗೊತ್ತಿದ್ದರೆ ಮಾರಾಟಕ್ಕಿರುವ ಬಗೆಗಳನ್ನು ನೀವೇ ತೂಗಿ ನೋಡಬಹುದು. ನಾನು ಕಳೆದುಕೊಂಡದ್ದು ಬರೀ ಸ್ಯಾಂಡ್‌ವಿಚ್ ಬಗೆಯದು: ಬಟ್ಟೆಯ ಮೇಲೊಂದು ಬಿಲ್ಲೆ, ಕೆಳಗೊಂದು ಬಿಲ್ಲೆ, ತೂತು ಯಾವುದಕ್ಕೂ ಇಲ್ಲ. ಕಫ್ ಮುಚ್ಚಿ ಹಿಡಿಯುವ ಕೆಲಸವೂ ಮ್ಯಾಗ್ನೆಟ್ಟಿನದೇ, ತಾನು ಬೀಳದೆ ನಿಲ್ಲುವ ಕೆಲಸವೂ ಅದರದೇ. ಕೈ ಮಡಚಿದಾಗಲೆಲ್ಲ ಕಫ್ ಅಗಲವಾಗಲು ನೋಡುತ್ತದೆ, ಆ ಎಳೆತವೂ ಪಕ್ಕದ್ದೇ. ಒಂದು ಫೋಟೊ ತೆಗೆಸಿಕೊಳ್ಳಲು ಸಾಕು, ಇಡೀ ದಿನಕ್ಕೆ ನಾನು ನಂಬುವುದಿಲ್ಲ. ಇನ್ನೊಂದು ಬಗೆಯಲ್ಲಿ ಮುಂದಿನ ಭಾಗಕ್ಕೆ ಗಿಡ್ಡ ಕಡ್ಡಿ ಇರುತ್ತದೆ, ಅದು ಕಾಜಗಳನ್ನು ದಾಟಿ ಹೋಗಿ ಹಿಂದಿನ ಮ್ಯಾಗ್ನೆಟ್‌ಗೆ ನೇರ ಅಂಟುತ್ತದೆ. ನಡುವೆ ಬಟ್ಟೆಯ ಅಂತರ ಇಲ್ಲ, ಜಾರಲು ಹೋದರೆ ಕಡ್ಡಿ ಕಾಜದ ಅಂಚಿಗೆ ತಾಗಿ ನಿಲ್ಲುತ್ತದೆ. ಬಹಳ ಗಟ್ಟಿ. ಆದರೆ ಎರಡೂ ಕಡೆ ಕಾಜ ಬೇಕು, ಅಂದರೆ ಫ್ರೆಂಚ್ ಕಫ್‌ಗೋ ಕನ್ವರ್ಟಿಬಲ್‌ಗೋ ಮಾತ್ರ. ಡಬ್ಬಿ ಮೇಲೆ ಮ್ಯಾಗ್ನೆಟ್ ಅಂತ ಇದ್ದ ಮಾತ್ರಕ್ಕೆ ಗುಂಡಿ ಕಫ್‌ಗೆ ಆಗುತ್ತದೆ ಅಂದುಕೊಂಡು ಕೊಂಡವರು ಇಲ್ಲೇ ಮೋಸ ಹೋಗುವುದು.

ಗುಂಡಿ ಕಫ್‌ಗೆ ನಿಜವಾಗಿ ಹೊಂದುವುದು ಮೂರನೆಯದು, ಮ್ಯಾಗ್ನೆಟ್ ಕವರ್. ಇದರಲ್ಲಿ ನೀವು ಮಾಮೂಲಿನಂತೆ ಗುಂಡಿ ಹಾಕುತ್ತೀರಿ. ಆಮೇಲೆ ಒಂದು ತೆಳು ತಟ್ಟೆ, ಅದಕ್ಕೆ ಪಕ್ಕದಿಂದ ಒಂದು ಸೀಳು. ಗುಂಡಿಗೂ ಬಟ್ಟೆಗೂ ನಡುವೆ ಇರುವ ದಾರದ ಕತ್ತನ್ನು ಆ ಸೀಳಿನೊಳಗೆ ಸೇರಿಸಿ ತಟ್ಟೆಯನ್ನು ಗುಂಡಿಯ ಕೆಳಗೆ ಸರಿಸುತ್ತೀರಿ. ಮೇಲಿಂದ ಬಟ್ಟಲಿನಾಕಾರದ ಅಲಂಕಾರದ ಮುಚ್ಚಳ ಬಂದು ಟಕ್ಕಂತ ಕೂರುತ್ತದೆ. ಗುಂಡಿ ಒಳಗೆ ಅಡಗಿಹೋಗುತ್ತದೆ. ನನಗೆ ಇಷ್ಟವಾಗುವುದು ಇಲ್ಲಿನ ಕೆಲಸದ ಹಂಚಿಕೆ. ಕಫ್ ಮುಚ್ಚಿ ಹಿಡಿಯುವುದು ಗುಂಡಿಯ ಕೆಲಸ, ಅದಕ್ಕೆ ಅದೇ ಸರಿ. ಮ್ಯಾಗ್ನೆಟ್ ಹೊರಬೇಕಾದದ್ದು ಕೆಲವು ಗ್ರಾಂ ತೂಕದ ಒಂದು ಮುಚ್ಚಳವನ್ನು ಮಾತ್ರ. ಪಕ್ಕಕ್ಕೆ ಜಾರಲು ಹೋದರೆ ಬಟ್ಟಲಿನ ಗೋಡೆ ಒಳಗಿನ ಗುಂಡಿಗೇ ತಾಗಿ ನಿಲ್ಲುತ್ತದೆ. ಮ್ಯಾಗ್ನೆಟ್ ಸೋತರೂ ಕಫ್ ಬಿಚ್ಚಿಕೊಳ್ಳುವುದಿಲ್ಲ, ಬೀಳುವುದು ಒಡವೆ ಮಾತ್ರ. ಲಿಂಕ್ ಅಂದರೆ ಎರಡನ್ನು ಜೋಡಿಸುವುದು, ಇದು ಏನನ್ನೂ ಜೋಡಿಸುತ್ತಿಲ್ಲವಾದ್ದರಿಂದ ಇದನ್ನು ಕಫ್‌ಲಿಂಕ್ ಅನ್ನುವುದೇ ತಪ್ಪು ಅಂತ ವಾದಿಸುವವರು ಇದ್ದಾರೆ. ವಾದ ಸರಿಯೇ, ನನಗೆ ಅದರಿಂದ ನಿದ್ದೆಗೇನೂ ತೊಂದರೆಯಿಲ್ಲ.

ಕವರ್ ಕೊಳ್ಳುವಾಗ ಅಳತೆ ನೋಡಿ. ಷರ್ಟಿನ ಗುಂಡಿಗಳು ಸಾಮಾನ್ಯವಾಗಿ 10 ರಿಂದ 11.5 ಮಿಲಿಮೀಟರ್ ಅಗಲ. ಗುಂಡಿಯವರ ಭಾಷೆಯಲ್ಲಿ 16 ಅಥವಾ 18 ಲೀನ್, ಒಂದು ಲೀನ್ ಅಂದರೆ ಇಂಚಿನ 40ನೇ ಒಂದು ಭಾಗ. ಬಟ್ಟಲಿನ ಒಳಗಲ ಅದಕ್ಕಿಂತ ಸ್ವಲ್ಪ ಜಾಸ್ತಿ ಇರಬೇಕು. ಇನ್ನೊಂದು, ಮುಚ್ಚಳವನ್ನು ತಿರುಗಿಸಿ ಮ್ಯಾಗ್ನೆಟ್ ಎಲ್ಲಿದೆ ನೋಡಿ. ಬಟ್ಟಲಿನ ನಡುವೆ ಇದ್ದರೆ ಅದು ಗುಂಡಿಯ ತಲೆಯ ಮೇಲೆ ಕೂತು 2-3 ಮಿಲಿಮೀಟರ್ ಗುಂಡಿ ದಾಟಿ ಎಳೆಯಬೇಕು. ಅಂಚಿನ ಸುತ್ತ ಇದ್ದರೆ ತಟ್ಟೆಗೆ ನೇರ ತಾಗುತ್ತದೆ. ಎರಡನೆಯದೇ ಮೇಲು, ಕಾಗದದ ಪರೀಕ್ಷೆ ಮಾಡಿದವರಿಗೆ ಯಾಕೆ ಅಂತ ಹೇಳಬೇಕಿಲ್ಲ. ಗುಂಡಿಯನ್ನು ಬಟ್ಟೆಗೆ ಬಿಗಿಯಾಗಿ ಅಂಟಿಸಿದ ಹಾಗೆ ಹೊಲಿದಿದ್ದರೆ ತಟ್ಟೆ ಸರಿಯಲು ಜಾಗವೇ ಇರುವುದಿಲ್ಲ, ಆಗ ಗುಂಡಿ ಬಿಚ್ಚಿ ಬುಡದಲ್ಲಿ ಸ್ವಲ್ಪ ದಾರ ಸುತ್ತಿ ಎತ್ತರ ಕೊಟ್ಟು ಮತ್ತೆ ಹೊಲಿದರಾಯಿತು, ಐದು ನಿಮಿಷದ ಕೆಲಸ. ಕಫ್‌ನಲ್ಲಿ ಒಂದರ ಕೆಳಗೊಂದು ಎರಡು ಗುಂಡಿ ಇದ್ದರೆ ಕವರ್ ಆಸೆ ಬಿಡಿ. ಒಂದಕ್ಕೆ ಹಾಕಿದರೆ ಇನ್ನೊಂದು ಅನಾಥವಾಗಿ ಕಾಣುತ್ತದೆ, ಎರಡಕ್ಕೂ ಹಾಕಿದರೆ ಅತಿಯಾಗುತ್ತದೆ.

ಬೆಳ್ಳಿ, ಚಿನ್ನ, ಹಿತ್ತಾಳೆ ಯಾವುದೂ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲಿನಲ್ಲೂ ಬಹಳಷ್ಟು ಬಗೆಗಳು ಅಂಟುವುದಿಲ್ಲ. ಹಾಗಾಗಿ ಮನೆಯಲ್ಲಿರುವ ಹಳೆಯ ಬೆಳ್ಳಿ ಗುಂಡಿಯ ಹಿಂದೆ ಮ್ಯಾಗ್ನೆಟ್ ಇಟ್ಟರೆ ಆಯಿತು ಅನ್ನುವ ಉಪಾಯ ನಡೆಯುವುದಿಲ್ಲ. ಒಳಗೆ ಕಬ್ಬಿಣವೋ ಇನ್ನೊಂದು ಮ್ಯಾಗ್ನೆಟ್ಟೋ ಇರಲೇಬೇಕು.

ಇದೆಲ್ಲ ಬರೀ ಶೋಕಿ ಅಂತ ಅನ್ನಿಸಬಹುದು. ಆದರೆ ಕಫ್‌ನ ಗುಂಡಿ ಹಾಕುವುದು ಇರುವುದರಲ್ಲೇ ಕಷ್ಟದ ಗುಂಡಿ, ಒಂದೇ ಕೈಯಲ್ಲಿ ಹಾಕಬೇಕು. ಬೆರಳ ಗಂಟು ನೋವಿರುವವರಿಗೆ, ಕೈ ನಡುಗುವವರಿಗೆ ಅದು ದಿನಾ ಬೆಳಗಿನ ಹೋರಾಟ. ಅಮೆರಿಕದ ಫುಟ್‌ಬಾಲ್ ತರಬೇತುದಾರ ಡಾನ್ ಹಾರ್ಟನ್‌ಗೆ ಪಾರ್ಕಿನ್ಸನ್ ಕಾಯಿಲೆ ಇತ್ತು. ಒಂದು ಪಂದ್ಯ ಮುಗಿದ ಮೇಲೆ ಷರ್ಟಿನ ಗುಂಡಿ ಹಾಕಿಕೊಳ್ಳಲಾಗದೆ ನಿಂತಾಗ ಅವರ ತಂಡದ ಆಟಗಾರ ರಸೆಲ್ ವಿಲ್ಸನ್ ಬಂದು ಹಾಕಿಕೊಟ್ಟರು. ಇದನ್ನು ಕೇಳಿದ ಹೆಂಡತಿ ಮೌರಾ ಹಾರ್ಟನ್ ಗುಂಡಿಗಳ ಹಿಂದೆ ಮ್ಯಾಗ್ನೆಟ್ ಅಡಗಿಸಿದ ಷರ್ಟು ಮಾಡಿದರು, ಅದೇ ಮುಂದೆ ಮ್ಯಾಗ್ನಾರೆಡಿ ಅನ್ನುವ ಕಂಪನಿಯಾಯಿತು. ಹೊರಗಿನಿಂದ ನೋಡಿದರೆ ಮಾಮೂಲಿ ಷರ್ಟು. ಅಲ್ಲಿ ಮ್ಯಾಗ್ನೆಟ್‌ಗಳು ಬಟ್ಟೆಯೊಳಗೆ ಹೊಲಿದಿರುವುದರಿಂದ ಬಿದ್ದುಹೋಗುವ ಪ್ರಶ್ನೆಯೇ ಇಲ್ಲ. ಕೈ ಸರಿಯಿಲ್ಲದ ಯಾರಿಗಾದರೂ ಕೊಡಿಸುವುದಿದ್ದರೆ ಕಫ್‌ಲಿಂಕಿಗಿಂತ ಮೊದಲು ಇಂಥ ಷರ್ಟು ನೋಡಿ.

ಕೊಡಿಸುವ ಮೊದಲು ಒಂದು ಪ್ರಶ್ನೆ ಮಾತ್ರ ಕೇಳಲೇಬೇಕು: ಎದೆಯಲ್ಲಿ ಪೇಸ್‌ಮೇಕರ್ ಇದೆಯಾ? ಪೇಸ್‌ಮೇಕರ್, ಹೃದಯದ ಲಯ ತಪ್ಪಿದಾಗ ಶಾಕ್ ಕೊಡಲು ಎದೆಯೊಳಗೆ ಇಡುವ ಡಿಫಿಬ್ರಿಲೇಟರ್, ಎರಡರಲ್ಲೂ ಮ್ಯಾಗ್ನೆಟ್ಟನ್ನು ಗುರುತಿಸುವ ಏರ್ಪಾಟು ಇರುತ್ತದೆ, ವೈದ್ಯರು ಬೇಕಂತಲೇ ಬಳಸಲು ಇಟ್ಟದ್ದು. ಮ್ಯಾಗ್ನೆಟ್ ಹತ್ತಿರ ಬಂದರೆ ಪೇಸ್‌ಮೇಕರ್ ಹೃದಯದ ಬಡಿತ ಗಮನಿಸುವುದನ್ನು ಬಿಟ್ಟು ಒಂದೇ ಲಯದಲ್ಲಿ ಬಡಿಸತೊಡಗಬಹುದು, ಡಿಫಿಬ್ರಿಲೇಟರ್ ಬೇಕಾದಾಗ ಶಾಕ್ ಕೊಡದೆ ಸುಮ್ಮನಿರಬಹುದು. ಗಟ್ಟಿ ಮ್ಯಾಗ್ನೆಟ್ ಇರುವ ಫೋನ್, ವಾಚುಗಳನ್ನು ಇಂಥ ಸಾಧನದಿಂದ 6 ಇಂಚು, ಅಂದರೆ 15 ಸೆಂಟಿಮೀಟರ್ ದೂರ ಇಡಿ ಅಂತ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2021ರಲ್ಲಿ ಹೇಳಿತು. ಕಫ್ ಎದೆಯಿಂದ ದೂರವೇ ಇದೆ ಅನ್ನಬೇಡಿ. ಕೈಕಟ್ಟಿ ನಿಂತರೆ ಕಫ್ ಎಲ್ಲಿ ಬರುತ್ತದೆ ನೋಡಿಕೊಳ್ಳಿ.

ಎರಡನೆಯ ಅಪಾಯ ಚಿಕ್ಕ ಮಕ್ಕಳಿಗೆ. ಒಂದೇ ಮ್ಯಾಗ್ನೆಟ್ ನುಂಗಿದರೆ ಹಾಗೇ ಹೊರಬರಬಹುದು, ಎರಡು ನುಂಗಿದರೆ ಕಥೆ ಬೇರೆ. ಕರುಳಿನ ಬೇರೆಬೇರೆ ಸುರುಳಿಗಳಲ್ಲಿರುವ ಎರಡು ಮ್ಯಾಗ್ನೆಟ್ ಒಂದನ್ನೊಂದು ಹುಡುಕಿಕೊಂಡು ನಡುವಿನ ಕರುಳಿನ ಗೋಡೆಯನ್ನು ಹಿಸುಕುತ್ತವೆ, ತೂತೇ ಬೀಳಬಹುದು. ನುಂಗಿದ ಅನುಮಾನ ಬಂದರೂ ಸಾಕು, ಕಾದು ನೋಡದೆ ಆಸ್ಪತ್ರೆಗೆ ಹೊರಡಿ.

ಮಿಕ್ಕವು ಜೀವಕ್ಕೆ ಬರುವಂಥವಲ್ಲ, ಆದರೆ ಕಿರಿಕಿರಿ. ವಾಚು ಕಟ್ಟುವ ಜಾಗ ಕಫ್ ಕೆಳಗೇ ಅಲ್ವಾ? ನನ್ನ ಕೀಲಿ ವಾಚು ಹೀಗೇ ಒಂದು ವಾರ ದಿನಾ ಮುಂದೆ ಮುಂದೆ ಓಡಿತು. ಒಳಗಿನ ಕೂದಲೆಳೆಯಂಥ ಸ್ಪ್ರಿಂಗ್ ಮ್ಯಾಗ್ನೆಟ್ ಆಗಿಬಿಟ್ಟರೆ ಅದರ ಸುರುಳಿಗಳು ಒಂದಕ್ಕೊಂದು ಅಂಟುತ್ತವೆ, ಸ್ಪ್ರಿಂಗ್ ಗಿಡ್ಡವಾದಂತಾಗುತ್ತದೆ, ವಾಚು ಬೇಗ ಬೇಗ ಹೊಡೆದುಕೊಳ್ಳುತ್ತದೆ. ರಿಪೇರಿಯವರು ಮ್ಯಾಗ್ನೆಟ್ ತೆಗೆಯುವ ಪುಟ್ಟ ಯಂತ್ರದ ಮೇಲೆ ಆಡಿಸಿದರು, ಸರಿಹೋಯಿತು. ಮ್ಯಾಗ್ನೆಟ್ ತಡೆಯುವ ವಾಚುಗಳಿಗೆ ಐಎಸ್ಒ 764 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ, ಅಂಥ ವಾಚು ತಡೆಯಬೇಕಾದದ್ದು ಸುಮಾರು 60 ಗಾಸ್ (ಗಾಸ್ ಅಂದರೆ ಮ್ಯಾಗ್ನೆಟ್ ಪ್ರಭಾವದ ಅಳತೆ). ನಿಯೋಡೈಮಿಯಮ್ ಬಿಲ್ಲೆಯ ಮೈಮೇಲೆ ಅದು ಸಾವಿರಗಟ್ಟಲೆ ಇರುತ್ತದೆ. ಸಮಾಧಾನ ಏನೆಂದರೆ 10 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪದ ಬಿಲ್ಲೆಗೆ ಲೆಕ್ಕ ಹಾಕಿದರೆ 3 ಸೆಂಟಿಮೀಟರ್ ದೂರದಲ್ಲಿ ಹತ್ತು ಹದಿನೈದು ಗಾಸ್‌ಗೆ ಇಳಿದಿರುತ್ತದೆ. ಕ್ವಾರ್ಟ್ಜ್ ವಾಚು ಮ್ಯಾಗ್ನೆಟ್ ಹತ್ತಿರ ನಿಂತುಹೋದರೂ ದೂರ ಸರಿಸಿದರೆ ಮತ್ತೆ ನಡೆಯುತ್ತದೆ. ಬ್ಯಾಂಕ್ ಕಾರ್ಡಿನ ಚಿಪ್‌ಗೆ ಏನೂ ಆಗುವುದಿಲ್ಲ. ಹೋಟೆಲ್ ರೂಮಿನ ಕಪ್ಪು ಪಟ್ಟಿಯ ಕೀ ಕಾರ್ಡ್ ಮಾತ್ರ ಬಹಳ ಸೂಕ್ಷ್ಮ, ಮ್ಯಾಗ್ನೆಟ್ ಉಜ್ಜಿದರೆ ರಾತ್ರಿ ಬಾಗಿಲ ಮುಂದೆ ನಿಲ್ಲಬೇಕಾದೀತು.

ಕಫ್ ಮೇಲೆ ಇಟ್ಟುಕೊಂಡೇ ಇಸ್ತ್ರಿ ಮಾಡಬೇಡಿ. ಮಾಮೂಲಿ ದರ್ಜೆಯ ನಿಯೋಡೈಮಿಯಮ್ 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳತೊಡಗುತ್ತದೆ, ಹತ್ತಿ ಬಟ್ಟೆಗೆ ಇಸ್ತ್ರಿಪೆಟ್ಟಿಗೆ 200 ಡಿಗ್ರಿ ತನಕ ಕಾಯುತ್ತದೆ. ತಣ್ಣಗಾದ ಮೇಲೆ ಹೋದ ಶಕ್ತಿ ಪೂರ್ತಿ ವಾಪಸ್ ಬರುವುದಿಲ್ಲ. ಒಗೆಯುವ ಮೊದಲೂ ತೆಗೆಯಿರಿ. ಈ ಮ್ಯಾಗ್ನೆಟ್ ಒಳಗೆ ಬೇಗ ತುಕ್ಕು ಹಿಡಿಯುತ್ತದೆ, ಅದಕ್ಕೇ ಮೇಲೆ ನಿಕಲ್ ಲೇಪ ಕೊಡುತ್ತಾರೆ, ಲೇಪ ಒಂದು ಕಡೆ ಎದ್ದರೆ ಸಾಕು, ಬೆವರೂ ನೀರೂ ಒಳಗೆ ಇಳಿದು ಬಿಳಿ ಕಫ್ ಮೇಲೆ ಕಂದು ಕಲೆ ಬಿಡುತ್ತದೆ. ನಿಕಲ್ ಅಂದರೆ ಚರ್ಮ ಕೆರೆಯುವವರು ಒಳಗಿನ ಬಿಲ್ಲೆ ಮೈಗೆ ತಾಗದಂಥದ್ದನ್ನೇ ಆರಿಸಿಕೊಳ್ಳಿ. ಕವರ್ ಬಗೆಯಲ್ಲಿ ತಟ್ಟೆ ಬಟ್ಟೆಯ ಹೊರಗೇ ಇರುವುದರಿಂದ ಈ ತಾಪತ್ರಯವೂ ಇಲ್ಲ.

ತೆಗೆಯುವಾಗ ಉಗುರು ಹಾಕಿ ನೇರ ಕೀಳಬೇಡಿ, ಉಗುರಿಗೂ ನೋವು, ಬಟ್ಟೆಗೂ ಎಳೆತ. ಕವರ್ ಬಗೆಯದಾದರೆ ಒಂದು ಬದಿಗೆ ಒತ್ತಿ ವಾಲಿಸಿ, ಬಿಲ್ಲೆ ಬಗೆಯದಾದರೆ ಹೆಬ್ಬೆರಳಲ್ಲಿ ಪಕ್ಕಕ್ಕೆ ತಳ್ಳಿ, ತಾನಾಗಿ ಬಿಡುತ್ತದೆ. ಬಿಡಿಸಿದ ಎರಡು ತುಂಡುಗಳನ್ನು ದೂರದಿಂದ ಒಂದಕ್ಕೊಂದು ಹಾರಿ ಬಡಿಯಲು ಬಿಡಬೇಡಿ, ಇವು ಪಿಂಗಾಣಿಯ ಹಾಗೆ ಪೆಡಸು, ಅಂಚು ಒಡೆಯುತ್ತದೆ. ನಡುವೆ ಒಂದು ದಪ್ಪ ರಟ್ಟಿನ ಚೂರು ಇಟ್ಟು ಡಬ್ಬಿಗೆ ಹಾಕಿ. ನಾನು ಹಳೆಯ ವಿಸಿಟಿಂಗ್ ಕಾರ್ಡೊಂದನ್ನು ನಾಲ್ಕು ಮಡಿಕೆ ಮಾಡಿ ಇಟ್ಟಿದ್ದೇನೆ.